ಮಾಕ್ ಟೆಸ್ಟ್ ಲಾಯರಪ್ಪ

ನಮ್ಮ ಲಾಯರಪ್ಪನನ್ನು ‘ಊಟ ಆಯ್ತೇನೋ?’ ಅಂತ ಕೇಳಿದರೂ ತಕ್ಷಣ ಉತ್ತರ ಬರುವುದಿಲ್ಲ. ತಪ್ಪು ಉತ್ತರಕ್ಕೆ ಕಾಲು ಅಂಕ ಖೋತಾ! ಕಾನೂನು ಕಾಲೇಜು ಸೇರಲು ಬರೆಯುವ ಕ್ಲಾಟ್ ಪರೀಕ್ಷೆಯ ಈ ಒಂದು ನಿಯಮವನ್ನು ಅವನು ಬದುಕಿಗೇ ಅಳವಡಿಸಿಕೊಂಡಿದ್ದಾನೆ. ಖಾತ್ರಿಯಿಲ್ಲದ್ದಕ್ಕೆ ಬಾಯಿ ಬಿಡುವುದಿಲ್ಲ. ಅವನು ನನ್ನ ತಮ್ಮನ ಮಗ. ಪಿಯುಸಿ ಮುಗಿಯುವ ಮೊದಲೇ ನಮ್ಮೂರು ಕುಬಟೂರಿನ ಜನ ಅವನಿಗೆ ಲಾಯರಪ್ಪ ಎಂಬ ಪದವಿ ದಯಪಾಲಿಸಿದ್ದಾರೆ.

ಪ್ರವೇಶ ಪರೀಕ್ಷೆಗೆ ಮೊಬೈಲಿನಲ್ಲೇ ಓದುವ ಈ ಪೈಕಿಯವರನ್ನು ನೀವೂ ಕಂಡಿರುತ್ತೀರಿ. ಓದಿದ್ದಕ್ಕಿಂತ ಡೌನ್‌ಲೋಡ್ ಮಾಡಿದ್ದೇ ಜಾಸ್ತಿ. ಒಂದು ಆ್ಯಪ್ ಇಂಗ್ಲಿಷ್ ಪದಕ್ಕೆ, ಇನ್ನೊಂದು ಪ್ರಚಲಿತ ವಿದ್ಯಮಾನಕ್ಕೆ, ಮತ್ತೊಂದು ‘ನೀನು ಇವತ್ತು ಓದಿಲ್ಲ’ ಅಂತ ರಾತ್ರಿ ಹತ್ತಕ್ಕೆ ಬೈಯುವುದಕ್ಕೆ. ಟೆಲಿಗ್ರಾಂ ತುಂಬ ಪಿಡಿಎಫ್. ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ನಮ್ಮ ಲಾಯರಪ್ಪ ಊರಿನ ಕೈಟಭೇಶ್ವರ ದೇವಸ್ಥಾನದ ಕಡೆ ನಡೆಯುತ್ತಾನೆ. ಸುಮಾರು ಒಂಬೈನೂರು ವರ್ಷ ಹಳೆಯ ಆ ಮಂಟಪದ ಕಂಬಗಳನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಇವನು ಕಂಬಕ್ಕೆ ಬೆನ್ನು ಕೊಟ್ಟು ಸಿಗ್ನಲ್ ನೋಡುತ್ತಾನೆ.

ಇಷ್ಟನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಅವನ ‘ಲೀಗಲ್ ರೀಸನಿಂಗ್’. ಮನೆಯ ಯಾವ ಜಗಳವನ್ನೂ ಜಗಳವಾಗಿ ಉಳಿಯಲು ಬಿಡುವುದಿಲ್ಲ. ನಾಲ್ಕು ಆಯ್ಕೆ ಕೊಟ್ಟು ಪ್ರಶ್ನೆ ಮಾಡಿಬಿಡುತ್ತಾನೆ.

ಈ ಮಳೆಗಾಲದಲ್ಲಿ ಪಕ್ಕದ ಗದ್ದೆಯವನ ಬದು ಒಡೆದು ನೀರೆಲ್ಲ ನನ್ನ ಶುಂಠಿ ಮಡಿಗೆ ನುಗ್ಗಿತು. ನೀರು ನಿಂತರೆ ಶುಂಠಿಗೆ ಕೊಳೆ ಬಂತೆಂದೇ ಲೆಕ್ಕ. ನಾನು ಬಾಯಿ ಮಾಡುತ್ತಿದ್ದೆ, ಅವನೂ ಮಾಡುತ್ತಿದ್ದ. ವ್ಯವಹಾರ ಒಂದು ಹದಕ್ಕೆ ಬರುತ್ತಿತ್ತು. ಅಷ್ಟರಲ್ಲಿ ಲಾಯರಪ್ಪ ಛತ್ರಿ ಹಿಡಿದು ಬಂದ.

“ದೊಡ್ಡಪ್ಪ, ಇದು ರೈಲ್ಯಾಂಡ್ಸ್ ವರ್ಸಸ್ ಫ್ಲೆಚರ್, 1868!” ಅಂದ. ಕಣ್ಣಲ್ಲಿ ಹಬ್ಬದ ಹೊಳಪು.

“ಯಾರೋ ತಮ್ಮಾ ಅವ್ರು? ಹಿರೇಕೆರೂರು ಕಡೆಯವ್ರಾ?” ಅಂತ ಪಕ್ಕದವನು ಕೇಳಿದ.

ಅಲ್ಲವಂತೆ, ಇಂಗ್ಲೆಂಡಿನವರಂತೆ. ಗಿರಣಿ ಮಾಲೀಕ ರೈಲ್ಯಾಂಡ್ಸ್ ಕೆರೆ ಕಟ್ಟಿಸಿದನಂತೆ, ಅದರ ನೀರು ಪಕ್ಕದ ಫ್ಲೆಚರನ ಕಲ್ಲಿದ್ದಲ ಗಣಿಗೆ ನುಗ್ಗಿತಂತೆ. ಅಪಾಯದ ವಸ್ತುವನ್ನು ತನ್ನ ಜಾಗದಲ್ಲಿ ತಂದಿಟ್ಟುಕೊಂಡವನು, ಅದು ಹೊರಗೆ ಹೋದರೆ ತನ್ನ ತಪ್ಪಿರಲಿ ಬಿಡಲಿ ನಷ್ಟ ಕಟ್ಟಿಕೊಡಬೇಕು ಅಂತ ತೀರ್ಪಾಯಿತಂತೆ. ನನಗೆ ಹುಡುಗನ ಮೇಲೆ ಇದ್ದಕ್ಕಿದ್ದಂತೆ ಅಭಿಮಾನ ಉಕ್ಕಿತು. ಕಾನೂನು ಓದಿದರೆ ಹಿಂಗೇ ಓದಬೇಕು!

ಪಕ್ಕದವನು ಎಲೆಅಡಿಕೆ ಉಗಿದು ಅಂದ: “ರಾತ್ರಿ ಹಂಗೆ ಹೊಡೆದಿದ್ದು ದೇವ್ರ ಮಳೆ. ನಾನೇನು ಬಿಂದಿಗೆ ತಂದು ಹೊಯ್ದಿದೀನಾ?”

“ಸರಿ ಉತ್ತರ!” ಲಾಯರಪ್ಪ ಕುಣಿದೇಬಿಟ್ಟ. “ಆ್ಯಕ್ಟ್ ಆಫ್ ಗಾಡ್. ಈ ನಿಯಮಕ್ಕೆ ಅದೇ ವಿನಾಯಿತಿ, ದೊಡ್ಡಪ್ಪ!”

ಪಕ್ಕದವನು ಓದದೆಯೇ ಪಾಸಾಗಿ ಮನೆಗೆ ಹೋದ. ರಾತ್ರಿ ಊಟಕ್ಕೆ ಕೂತಾಗ ಹುಡುಗ ಮೆಲ್ಲಗೆ ಅಂದ: “ನಮ್ಮ ಕಡೆ ಆಷಾಢದ ಮಳೆ ಅಸಾಧಾರಣ ಅಲ್ಲ, ಹಂಗಾಗಿ ವಿನಾಯಿತಿ ಸಿಗಲ್ಲ. ಇದನ್ನ ರಿವ್ಯೂಗೆ ಹಾಕಿದ್ದೆ.” ಅವನು ರಿವ್ಯೂ ಮಾಡಿ ಮುಗಿಸುವಷ್ಟರಲ್ಲಿ ನನ್ನ ಶುಂಠಿ ಕೊಳೆತಿತ್ತು.

ಕಟ್ಟೆಯ ಮೇಲಿನ ಹಿರಿಯರು ಅವನನ್ನು ಕೆಣಕುವುದುಂಟು. ಈ ಊರಲ್ಲೇ ಹುಟ್ಟಿ, ಕಾನೂನು ಓದಿ, 1967ರಲ್ಲಿ ಶಾಸಕರಾಗಿ, 1990ರಲ್ಲಿ ಮುಖ್ಯಮಂತ್ರಿಯಾದ ಬಂಗಾರಪ್ಪನವರು ಯಾವ ಆ್ಯಪ್ ನೋಡಿದ್ದರಪ್ಪ ಅಂತ. ಇವನು ತಣ್ಣಗೆ, “ಆಗ ಕ್ಲಾಟ್ ಇರಲಿಲ್ಲ, ಶುರುವಾಗಿದ್ದೇ 2008ರಲ್ಲಿ” ಅನ್ನುತ್ತಾನೆ. ಅದೂ ಸರಿ ಉತ್ತರವೇ.

ನಾನು ನಗುತ್ತೇನೆ ನಿಜ. ಆದರೆ ಒಂದು ಸಲ ಆ ಪ್ರಶ್ನೆಪತ್ರಿಕೆ ತೆಗೆದು ನೋಡಿದೆ. ಎರಡು ತಾಸಿಗೆ 120 ಪ್ರಶ್ನೆ. ಉದ್ದುದ್ದ ಪ್ಯಾಸೇಜುಗಳು, ಎಲ್ಲವೂ ಇಂಗ್ಲಿಷಿನಲ್ಲಿ. ಮೂರನೇ ಸಾಲಿಗೆ ನನ್ನ ಕನ್ನಡಕ ಮಂಜಾಯಿತು. ಅರ್ಜಿ ಶುಲ್ಕವೇ ನಾಲ್ಕು ಸಾವಿರ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕರ್ನಾಟಕದಲ್ಲೇ ಹತ್ತು ವರ್ಷ ಓದಿದವರಿಗೆ ಶೇ. 25 ಸೀಟು ಇದೆ ಅಂತ ಅವನು ದಿನಾ ಲೆಕ್ಕ ಹಾಕುತ್ತಾನೆ. ಆ ಸೀಟಿಗೆ ದೊಡ್ಡ ದೊಡ್ಡ ಶಾಲೆಗಳಲ್ಲಿ ಓದಿದವರೂ ಬರುತ್ತಾರೆ. ಇವನ ಹತ್ತಿರ ಇರುವುದು ಗಾಜು ಒಡೆದ ಫೋನು ಮತ್ತು ಸಂಜೆಗೇ ಮುಗಿಯುವ ಡೇಟಾ. ಅಷ್ಟಾಗಿ ನಿಜವಾದ ಪರೀಕ್ಷೆಯಲ್ಲಿ ಪೆನ್ನು ಹಿಡಿದು ಓಎಂಆರ್ ಶೀಟಿನಲ್ಲಿ ವೃತ್ತ ತುಂಬಬೇಕು. ಇವನಿಗೆ ಪಳಗಿರುವುದು ಹೆಬ್ಬೆರಳು.

ಮೊನ್ನೆ ಪಕ್ಕದ ಗದ್ದೆಯವನೇ ಒಂದು ನೋಟಿಸು ಹಿಡಿದು ಬಂದ, ಸರ್ವೆ ವಿಚಾರದ್ದು. ನನ್ನನ್ನು ದಾಟಿ ನೇರ ಹುಡುಗನ ಹತ್ತಿರ ಹೋದ. ಲಾಯರಪ್ಪ ಆಯ್ಕೆ ಕೊಡಲಿಲ್ಲ, ರೈಲ್ಯಾಂಡ್ಸನ ಹೆಸರೆತ್ತಲಿಲ್ಲ. ಎರಡು ಸಲ ಓದಿ, ಯಾವ ತಾರೀಕಿಗೆ ಎಲ್ಲಿಗೆ ಹೋಗಬೇಕು, ಪಹಣಿ ಜೊತೆ ಏನೇನು ಒಯ್ಯಬೇಕು ಅಂತ ಹೇಳಿ, ಹಾಳೆಯ ಹಿಂದೆ ಬರೆದೂ ಕೊಟ್ಟ. ಕಚೇರಿಯ ಕಾಗದ ಕಂಡರೆ ಬೆವರುವ ಊರಿಗೆ ಇಂಥವನೊಬ್ಬ ಬೇಕು. ರ‍್ಯಾಂಕ್ ಬಂದರೆ ಊರು ಬಿಡುತ್ತಾನೆ, ಬರದಿದ್ದರೆ ಇನ್ನೊಂದು ವರ್ಷ ನನ್ನ ಪ್ರಾಣ ತಿನ್ನುತ್ತಾನೆ. ಅವನಿಗೆ ರ‍್ಯಾಂಕೇ ಬರಲಿ. ಈ ಸಲ ಬದುವನ್ನು ನಾನೇ ಎತ್ತರಿಸಿಕೊಳ್ಳುತ್ತೇನೆ.