ಬಿಟ್ಟಿ ವಾಣಿಜ್ಯ ಮೀಮಾಂಸೆ: ಅಪ್ಪೆಮಿಡಿ ಕಾಂಡ

ಮೊದಲು ಪದನಿಷ್ಪತ್ತಿ. ಶಾಸ್ತ್ರಗ್ರಂಥ ಹೀಗೇ ಶುರುವಾಗಬೇಕೆಂಬುದು ಸಂಪ್ರದಾಯ. ಓದುಗರಲ್ಲಿ ಅರ್ಧ ಮಂದಿ ಇಲ್ಲೇ ಎದ್ದು ಹೋಗುವುದೂ ಸಂಪ್ರದಾಯವೇ. ಇಂದು ನಾವು ‘ಬಿಟ್ಟಿ’ ಎನ್ನುವುದು ದುಡ್ಡು ಕೊಡದೆ ಸಿಕ್ಕ ವಸ್ತುವಿಗೆ. ಆದರೆ ಪದದ ಬೇರು ಸಂಸ್ಕೃತದ ‘ವಿಷ್ಟಿ’. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ನಮ್ಮ ಹಳೆಯ ಶಾಸನಗಳಲ್ಲೂ ಅದರ ಅರ್ಥ ಕೂಲಿಯಿಲ್ಲದೆ ಮಾಡಿಸಿಕೊಳ್ಳುವ ದುಡಿಮೆ. ಒಬ್ಬರಿಗೆ ಬಿಟ್ಟಿ ಸಿಗಬೇಕಾದರೆ ಇನ್ನೊಬ್ಬರು ಬಿಟ್ಟಿ ದುಡಿದಿರಬೇಕು ಎಂಬುದು ಪದದೊಳಗೇ ಕೂತಿತ್ತು. ಕಾಲಾಂತರದಲ್ಲಿ ದುಡಿದವರು ಕಳಚಿ ಬಿದ್ದರು, ಸಿಕ್ಕವರಷ್ಟೇ ಉಳಿದರು. ಹೊಯ್ಸಳ ಬಿಟ್ಟಿದೇವನಿಗೂ ಇದಕ್ಕೂ ನಂಟಿಲ್ಲ, ಆ ಬಿಟ್ಟಿ ವಿಷ್ಣುವಿನ ತದ್ಭವ. (ಇದನ್ನು ಯಾರೂ ಕೇಳಿರಲಿಲ್ಲ. ಕೇಳದ್ದನ್ನು ಹೇಳದಿದ್ದರೆ ಶಾಸ್ತ್ರಗ್ರಂಥಕ್ಕೆ ಪುಟ ತುಂಬುವುದಿಲ್ಲ.)

ಇನ್ನು ವಿಷಯ: ಕೈಯಿಂದ ಕಾಸು ಹಾಕದೆ, ಪುಕ್ಕಟೆ ಆ್ಯಪುಗಳನ್ನೇ ನೆಚ್ಚಿಕೊಂಡು ಮನೆಯಿಂದ ವ್ಯಾಪಾರ ಮಾಡುವ ಬಗೆ. ಅಧ್ಯಯನಕ್ಕೆ ಆರಿಸಿಕೊಂಡ ಕ್ಷೇತ್ರ ಶಿರಸಿ ಸೀಮೆಯ ಒಂದು ಅಡಿಗೆಮನೆ. ಪಾತ್ರವರ್ಗ: ಅತ್ತೆ, ಸೊಸೆ, ಬೆಂಗಳೂರಿನಲ್ಲಿರುವ ಕಿರಿಮಗ, ನಾಲ್ಕು ಭರಣಿ, ಒಂದು ಆಂಡ್ರಾಯ್ಡ್ ಫೋನು. ಇಂಥ ಮನೆಗಳು ಸೀಮೆಯಲ್ಲಿ ಬೇಕಾದಷ್ಟಿವೆ. ಪ್ರಬಂಧಕಾರರು ಎಲ್ಲವನ್ನೂ ಒಂದೇ ಒರಳಿಗೆ ಹಾಕಿ ಅರೆದಿದ್ದಾರೆ.

ಪ್ರಾಗಿತಿಹಾಸ ಚಿಕ್ಕದು. 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲೆ ಭಾರತೀಯರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೊರಹೋಗುವ ಕರೆಯನ್ನೂ ಉಚಿತ ಮಾಡಿಕೊಂಡರು. ಅದೇ ಮಿಸ್ಡ್ ಕಾಲ್. ಒಂದು ರಿಂಗು ಎಂದರೆ ‘ತಲುಪಿದೆ’, ಎರಡು ಎಂದರೆ ‘ನೀನೇ ಮಾಡು’. ಸರಕು ಸಾಗಣೆಗೆ ರಾತ್ರಿ ಬಸ್ಸಿನ ಡ್ರೈವರ್ ಇದ್ದ. ಬೆಳಗಿನ ಜಾವ ಮೆಜೆಸ್ಟಿಕ್ಕಿನಲ್ಲಿ ನಿಂತು, ಗೋಣಿದಾರ ಕಟ್ಟಿದ ಡಬ್ಬಿ ಇಳಿಸಿಕೊಂಡವರೆಲ್ಲ ಈ ಶಾಸ್ತ್ರದ ಪೂರ್ವಸೂರಿಗಳು.

ಉಪಕರಣಗಳ ವಿಚಾರ. 2016ರಲ್ಲಿ ಯುಪಿಐ ಬಂತು. 2020ರ ಜನವರಿಯಿಂದ ಅದರ ಮೇಲೆ ವ್ಯಾಪಾರಿ ಕೊಡಬೇಕಾದ ಶುಲ್ಕ ಸೊನ್ನೆಯಾಯಿತು. 2018ರಲ್ಲಿ ವಾಟ್ಸ್ಯಾಪ್ ಬಿಸಿನೆಸ್, ಮರುವರ್ಷ ಅದರೊಳಗೆ ಕ್ಯಾಟಲಾಗ್. ಅದರಲ್ಲಿ 500 ಸರಕು ಜೋಡಿಸಿಡಬಹುದು. ಅತ್ತೆಯ ಬಳಿ ಇದ್ದದ್ದು ಎರಡು: ಅಪ್ಪೆಮಿಡಿ ಉಪ್ಪಿನಕಾಯಿ, ಅಪ್ಪೆಮಿಡಿ ಉಪ್ಪಿನಕಾಯಿ (ಖಾರ ಕಮ್ಮಿ). ಮಗ ಕ್ಯಾನ್ವಾದಲ್ಲಿ ಬಾಳೆಎಲೆ ಅಂಚಿನ ಲೇಬಲ್ ಬರೆದುಕೊಟ್ಟ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಅದೂ ಆಯಿತು. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಗೆ ಮಾತ್ರ 2011ರ ನಿಯಮದಂತೆ ವರ್ಷಕ್ಕೆ 100 ರೂಪಾಯಿ ಕೇಳಿದರು, 14 ಅಂಕಿಯ ಸಂಖ್ಯೆ ಕೊಟ್ಟರು. ಅಂಕಿಯೊಂದಕ್ಕೆ ಏಳು ರೂಪಾಯಿ ಚಿಲ್ಲರೆ ಬಿತ್ತು ಎಂದು ಮಾವ ಲೆಕ್ಕ ಹಾಕಿದರು. ಇಡೀ ಉದ್ಯಮದಲ್ಲಿ ಅವರ ಪಾಲಿನ ಕೆಲಸ ಅಷ್ಟೇ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ. ಅಂಗಡಿ ಬಾಡಿಗೆಯಿಲ್ಲ, ಬೋರ್ಡಿಲ್ಲ, ಗುಮಾಸ್ತನಿಲ್ಲ, ಮಾವಿನ ಮರ ಹೊಳೆದಂಡೆಯದು. ಅಂದಮೇಲೆ ಬಂದದ್ದೆಲ್ಲ ಲಾಭ ತಾನೆ?

ಸಿದ್ಧಾಂತಿಗಳು ಅವರ ಕೈ ಹಿಡಿದು ಜಗಲಿಗೆ ಕರೆದೊಯ್ಯುತ್ತಾರೆ. ಮಿಡಿ ನೆಲಕ್ಕೆ ಬಿದ್ದರೆ ಬಾಳುವುದಿಲ್ಲ. ಮರ ಹತ್ತುವವನು ಕೊಯ್ದು ಚೀಲದಲ್ಲೇ ಇಳಿಸಬೇಕು, ಅವನ ಕೂಲಿಗೆ ಪುಕ್ಕಟೆ ಆ್ಯಪ್ ಇನ್ನೂ ಬಂದಿಲ್ಲ. ಆಮೇಲೆ ಸೊಸೆ ಕಾಲು ಚಾಚಿ ಕೂತು ಒಂದೊಂದನ್ನೇ ಆರಿಸುತ್ತಾಳೆ. ತೊಟ್ಟು ತುಸು ಉಳಿಸಿ ಮುರಿಯಬೇಕು. ಸೊನೆ ಒಳಗೇ ಉಳಿಯಬೇಕು, ಪರಿಮಳವಿರುವುದೇ ಅದರಲ್ಲಿ. ಹೊರಗೆ ಹಾರಿದ್ದು ಬೆರಳ ಸಂದಿಗೆ ತಾಗಿ ಸುಡುತ್ತದೆ, ನಾಲ್ಕು ದಿನಕ್ಕೆ ಚರ್ಮ ಕಪ್ಪಾಗಿ ಸುಲಿಯುತ್ತದೆ. ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಉಪ್ಪು. ಮಿಡಿ ಮುರುಟಿ, ತನ್ನ ನೀರು ತಾನೇ ಬಿಟ್ಟುಕೊಂಡ ಮೇಲೆ ಸಾಸಿವೆ, ಬ್ಯಾಡಗಿ ಮೆಣಸು ಅರೆದು ಹಾಕುವ ಕೆಲಸ. ಇಷ್ಟಾದರೂ ಅದು ಆನ್‌ಲೈನ್ ವ್ಯಾಪಾರದ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಇನ್ನೂ ಫೋಟೋ ಹಾಕಿಲ್ಲ.

ಫೋಟೋ ಹಾಕಿದಳು. ಬೆಲೆ ಫೋಟೋದ ಮೇಲೇ ದಪ್ಪ ಅಕ್ಷರದಲ್ಲಿತ್ತು. ಮೊದಲ ಉತ್ತರ: ‘ಅಕ್ಕಾ, ರೇಟ್ ಎಷ್ಟು?’ ಎರಡನೆಯದು: ‘ಹಾಯ್’. ಮೂರನೆಯದು ಸೋದರಮಾವನ ಮಗಳಿಂದ ಬಂದ ಹೃದಯದ ಚಿತ್ರ. ಅವಳು ಕೊಳ್ಳುವವಳಲ್ಲ, ಯುಗಾದಿಗೆ ಬಂದು ಒಂದು ಡಬ್ಬಿ ಹಾಗೇ ಒಯ್ಯುವವಳು. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು ಎಂದು ಮಗ ಹೇಳಿದ್ದ. ಆದರೆ ಸಂದೇಶ ಮುಟ್ಟುವುದು ಕಳಿಸುವವರ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ. ಹಾಗಾಗಿ ಅತ್ತೆ ಒಂದು ವಾರ ಮದುವೆ, ಉಪನಯನ, ವೈಕುಂಠ ಸಮಾರಾಧನೆಗಳಿಗೆಲ್ಲ ಹೋಗಿ, ಊಟದ ಪಂಕ್ತಿಯಲ್ಲಿ ಅಕ್ಕಪಕ್ಕದವರ ಫೋನಿನಲ್ಲಿ ತಮ್ಮ ನಂಬರು ಸೇವ್ ಮಾಡಿಸಿ ಬಂದರು. ಮಾರುಕಟ್ಟೆ ಶಾಸ್ತ್ರದ ಪಂಡಿತರು ಇದನ್ನು ‘ನೆಟ್‌ವರ್ಕಿಂಗ್’ ಎನ್ನುತ್ತಾರೆ. ಪಂಕ್ತಿಯಲ್ಲಿದ್ದವರು ಬೇರೆ ಹೆಸರಿಟ್ಟರು.

ಕೊರಿಯರ್ ಪ್ರಕರಣವನ್ನು ದುಃಖದಿಂದಲೇ ಬರೆಯಬೇಕಾಗಿದೆ. ಬಾಟಲಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಮುಚ್ಚಳ, ಸುತ್ತ ಟೇಪು, ತೊಳೆದು ಒಣಗಿಸಿದ ಹಾಲಿನ ಕವರು, ಹಳೇ ಪೇಪರು, ರಟ್ಟಿನ ಪೆಟ್ಟಿಗೆ: ಏಳು ಸುತ್ತಿನ ಕೋಟೆ. ಆದರೂ ಉಪ್ಪುನೀರು ಮೂಲೆಯೊಂದನ್ನು ಹುಡುಕಿಕೊಂಡು ಹೊರಬಂತು. ಕೌಂಟರಿನ ಹುಡುಗ ಪೆಟ್ಟಿಗೆ ಮೂಸಿ, ‘ಇದರಲ್ಲಿ ಏನಿದೆ ಅಂತ ಬರೀಲಿ?’ ಎಂದ. ‘ಪುಸ್ತಕ’ ಎಂದರು ಅತ್ತೆ. ಹುಡುಗ ಅವರ ಮುಖ ನೋಡಿದ, ಪೆಟ್ಟಿಗೆಯ ಅಡಿ ನೋಡಿದ, ‘ಅಮ್ಮಾ, ನಿಮ್ಮ ಪುಸ್ತಕ ಸೋರ್ತಾ ಇದೆ’ ಎಂದ.

ಈಗ ಅನಿತ್ಯತಾ ಪ್ರಕರಣ. ಸೂತ್ರ: ಬಿಟ್ಟಿ ಬಂದದ್ದು ಬಿಟ್ಟು ಹೋಗುತ್ತದೆ. ಭಾಷ್ಯ: 2021ರ ಅಕ್ಟೋಬರ್ 4ರ ರಾತ್ರಿ ವಾಟ್ಸ್ಯಾಪ್, ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಮೂರೂ ಸುಮಾರು ಆರು ಗಂಟೆ ಮಲಗಿದವು; ದೇಶದ ಎಷ್ಟೋ ಅಂಗಡಿಗಳ ಬಾಗಿಲು ಮಾಲೀಕರಿಗೆ ತಿಳಿಯದೆಯೇ ಮುಚ್ಚಿತು. ಗೂಗಲ್ ಸಣ್ಣ ವ್ಯಾಪಾರಿಗಳಿಗೆ ಪುಕ್ಕಟೆ ಕಟ್ಟಿಕೊಟ್ಟಿದ್ದ ವೆಬ್‌ಸೈಟುಗಳನ್ನು 2024ರ ಮಾರ್ಚಿನಲ್ಲಿ ನಿಲ್ಲಿಸಿತು. ಅದೇ ವರ್ಷ ಆಂಡ್ರಾಯ್ಡಿನ ವಾಟ್ಸ್ಯಾಪ್ ಬ್ಯಾಕಪ್ಪನ್ನೂ ಗೂಗಲ್ ಖಾತೆಯ 15 ಜಿಬಿ ಲೆಕ್ಕಕ್ಕೆ ಸೇರಿಸಿದರು. ಅಲ್ಲಿ ಅದಾಗಲೇ ಮೂರು ವರ್ಷದ ಶುಭೋದಯಗಳು ಕಾಲು ಚಾಚಿ ಮಲಗಿದ್ದವು. ‘ತಮಾ, ಫೋನು ತುಂಬಿ ಹೋತಡ’ ಎಂದು ಅತ್ತೆ ಮಗನಿಗೆ ವಾಯ್ಸ್ ಮೆಸೇಜ್ ಕಳಿಸಿದರು. ಮಗ ತಿಂಗಳ ಬಾಡಿಗೆಯ ಜಾಗ ಕೊಂಡ. ಉಪ್ಪಿನಕಾಯಿಯ ಮೊದಲ ಗೋದಾಮು ಹೀಗೆ, ದೇವರ ಫೋಟೋಗಳನ್ನು ಇಡಲಿಕ್ಕಾಗಿ ಬಾಡಿಗೆಗೆ ಬಂತು.

ರಾಜಕರ ಪ್ರಕರಣವೂ ಇದೆ. ಯುಪಿಐನಲ್ಲಿ ಹಣ ಬರುವುದು ಬಿಟ್ಟಿ, ಬಂದ ಗುರುತು ಉಳಿಯುವುದೂ ಬಿಟ್ಟಿ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಆ ಗುರುತು ಹಿಡಿದೇ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸುಗಳ ಗೋಡೆಯಿಂದ ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂಬ ಚೀಟಿಗಳು ಅಂಟಿಕೊಂಡವು. ಜಿಎಸ್‌ಟಿ ನೋಂದಣಿಯ ಮಿತಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ನಾಲ್ಕು ಭರಣಿಯವರು ಅಲ್ಲಿಗೆ ಮುಟ್ಟಲು ಏಳು ಜನ್ಮ ಬೇಕು. ಆದರೆ ತೆರಿಗೆ ಬೀಳುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ಆ ರಿಯಾಯಿತಿಯಿಲ್ಲ. ಪುಣೆಯ ಕನ್ನಡಿಗರೊಬ್ಬರು ಅರ್ಧ ಕೇಜಿ ಕೇಳಿದಾಗ ಅತ್ತೆ, ‘ನಿಮ್ಮ ಅಕ್ಕ ಹುಬ್ಬಳ್ಳಿಯಲ್ಲಿದ್ದಾರಲ್ಲ, ಅವರಿಗೆ ಕಳಿಸಲಾ?’ ಎಂದು ಕೇಳಿದ್ದು ತೆರಿಗೆಶಾಸ್ತ್ರದ ಜ್ಞಾನದಿಂದಲೋ ಕೊರಿಯರ್ ಖರ್ಚಿನ ಭಯದಿಂದಲೋ ನಿರ್ಧಾರವಾಗಿಲ್ಲ.

ಕೊನೆಯದಾಗಿ ಒಂದು ಪಾಠಾಂತರದ ಸಮಸ್ಯೆ. ಮಳೆಗಾಲ ಹಿಡಿಯುವ ಹೊತ್ತಿಗೆ ಸೊಸೆ ಗೂಗಲ್ ಶೀಟಿನಲ್ಲಿ ಖರ್ಚು ಬರೆದಳು: ಉಪ್ಪು, ಮೆಣಸು, ಬಾಟಲಿ, ಟೇಪು, ಕೊರಿಯರ್, ಮರ ಹತ್ತಿದವನಿಗೆ ಕೊಟ್ಟದ್ದು. ಕೈ ಬಿಡುವಿಲ್ಲದ ಕಾರಣ ಬಾಯಲ್ಲಿ ಹೇಳಿದ್ದನ್ನು ಫೋನೇ ಬರೆದುಕೊಂಡಿತು. ‘ಮನೆಯವರ ಕೂಲಿ’ ಎಂಬ ಸಾಲಿನ ಮುಂದೆ ಅಂಕಿ ಇಲ್ಲ, ‘ಸೊನೆ’ ಎಂಬ ಅಕ್ಷರಗಳಿವೆ. ಮಗನ ಮತದಂತೆ ಇದು ಲಿಪಿಕಾರ ದೋಷ, ‘ಸೊನ್ನೆ’ ಎಂದು ತಿದ್ದಿಕೊಳ್ಳಬೇಕು. ಪ್ರಬಂಧಕಾರರು ಮೂಲಪ್ರತಿಯನ್ನು ಪರಿಶೀಲಿಸಲು ಹೋದಾಗ ಆಕೆ ಅಂಗಳದ ನಲ್ಲಿಯಲ್ಲಿ ಬಾಟಲಿ ತೊಳೆಯುತ್ತಿದ್ದಳು. ಬಲಗೈ ಹೆಬ್ಬೆರಳಿನ ಸಂದಿಯಲ್ಲಿ ಕಪ್ಪು ಕಲೆ ಇನ್ನೂ ಇತ್ತು. ಸದ್ಯಕ್ಕೆ ಎರಡೂ ಪಾಠಗಳನ್ನು ಉಳಿಸಿಕೊಳ್ಳಲಾಗಿದೆ.