ಆಟ ಮಿಥ್ಯೆ, ಲೆಕ್ಕ ಸತ್ಯ: ಬೇಸ್‌ಬಾಲ್ ಸ್ಕೋರ್ ಪುಸ್ತಕದ ಪ್ರಾಮಾಣ್ಯ ವಿಚಾರ

ಯಾವುದೇ ಶಾಸ್ತ್ರಕ್ಕೆ ಕೈಹಾಕುವ ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ಪ್ರಕೃತ ಪ್ರಬಂಧದ ವಿಷಯ, ಅಮೆರಿಕದ ಬೇಸ್‌ಬಾಲ್ ಮೈದಾನಗಳಿಗೆ ದುಡ್ಡು ಕೊಟ್ಟು ಒಳಹೋಗಿ, ತೊಡೆಯ ಮೇಲೆ ಕಾಗದ ಹರಡಿಕೊಂಡು, ಮೂರು ಗಂಟೆ ಕಾಲ ತಲೆ ತಗ್ಗಿಸಿ ಪೆನ್ಸಿಲಿನಲ್ಲಿ ಲೆಕ್ಕ ಬರೆಯುವ ಒಂದು ಪಂಗಡ. ಪ್ರಯೋಜನ ಏನೂ ಇಲ್ಲ. ಎಷ್ಟು ರನ್ ಆಯಿತೆಂಬುದನ್ನು ಎದುರಿನ ದೊಡ್ಡ ಫಲಕ ಕುರುಡರಿಗೂ ಕಾಣುವಷ್ಟು ದಪ್ಪಕ್ಷರದಲ್ಲಿ ತೋರಿಸುತ್ತಿರುತ್ತದೆ. ಸಂಬಂಧ ಕ್ರಿಕೆಟ್ಟಿನ ಮೂಲಕ ಬರುತ್ತದೆ. ಅಧಿಕಾರಿ ಯಾರೆಂಬುದು ಜಗಳದ ಪ್ರಶ್ನೆಯಾದ್ದರಿಂದ ಕೊನೆಗೆ ಇಟ್ಟುಕೊಂಡಿದ್ದೇನೆ.

ಆಟಗಾರರು ಆಡುತ್ತಾರೆ, ಬರೆಯುವವರು ಅದನ್ನು ಬರೆದುಕೊಳ್ಳುತ್ತಾರೆ ಎಂಬುದು ಪಾಮರರ ತಿಳಿವಳಿಕೆ. ನಮ್ಮ ಸಿದ್ಧಾಂತ ಇದಕ್ಕೆ ವಿರುದ್ಧ. ಕಾಗದದ ಖಾನೆಗಳು ತುಂಬಲೆಂದೇ ಆಟಗಾರರು ಬಿಸಿಲಲ್ಲಿ ಓಡಾಡುತ್ತಾರೆ; ಬರೆದದ್ದೇ ನಡೆದದ್ದು, ಬರೆಯದೆ ಬಿಟ್ಟದ್ದು ನಡೆದೇ ಇಲ್ಲ. ಮದುವೆಮನೆಯಲ್ಲಿ ಮುಯ್ಯಿ ಬರೆಯಲು ಕೂತವನು ಧಾರೆ ನೋಡುವುದಿಲ್ಲ, ತಾಳಿ ಕಟ್ಟಿದ್ದೂ ಅವನಿಗೆ ಕಾಣುವುದಿಲ್ಲ. ಆದರೆ ಇಪ್ಪತ್ತು ವರ್ಷದ ಮೇಲೆ ಆ ಮದುವೆಯ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಬಲ್ಲವನು ಅವನೊಬ್ಬನೇ. ಸ್ಕೋರ್ ಬರೆಯುವವನ ಸ್ಥಾನವೂ ಇಂಥದ್ದೇ.

ಸಂಪ್ರದಾಯದ ಮೂಲಪುರುಷರು ಹೆನ್ರಿ ಚಾಡ್ವಿಕ್. 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹುಟ್ಟಿ, 1837ರಲ್ಲಿ ಮನೆಯವರ ಜೊತೆ ಬ್ರೂಕ್ಲಿನ್‌ಗೆ ಬಂದವರು. ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದ ಇವರ ಕಣ್ಣು 1850ರ ದಶಕದಲ್ಲಿ ಬೇಸ್‌ಬಾಲಿನ ಮೇಲೆ ಬಿತ್ತು. ಆಟ ಚೆನ್ನಾಗಿತ್ತು, ಆದರೆ ಲೆಕ್ಕ ನೆಟ್ಟಗಿರಲಿಲ್ಲ. ಕ್ರಿಕೆಟ್ಟಿನ ಸ್ಕೋರ್ ಪುಸ್ತಕ ಕಂಡಿದ್ದವರಿಗೆ ಇಂಥ ಅರಾಜಕತೆ ಸಹಿಸಲಾದೀತೆ? 1859ರ ಹೊತ್ತಿಗೆ ಯಾರು ಎಷ್ಟು ಹೊಡೆದರು, ಯಾರು ಎಷ್ಟು ಕೆಡಿಸಿದರು ಎಂಬುದನ್ನೆಲ್ಲ ಒಂದೇ ಚೌಕಟ್ಟಿನಲ್ಲಿ ಕೂರಿಸುವ ಕೋಷ್ಟಕವನ್ನು ಅಚ್ಚಿಗೆ ಕೊಟ್ಟರು. ಇವರ ಮಲಅಣ್ಣ ಎಡ್ವಿನ್ ಚಾಡ್ವಿಕ್ ಇಂಗ್ಲೆಂಡಿನಲ್ಲೇ ಉಳಿದು, 1842ರಲ್ಲಿ ಅಲ್ಲಿನ ದುಡಿಯುವ ಜನರ ನೈರ್ಮಲ್ಯದ ಮೇಲೆ ಹೆಸರಾಂತ ವರದಿ ಬರೆದು ಚರಂಡಿ ಸುಧಾರಣೆಗೆ ಕಾರಣರಾದರು. ಒಂದೇ ಮನೆತನದಲ್ಲಿ ಒಬ್ಬರು ಊರಿನ ಕೊಳೆಯನ್ನೂ ಇನ್ನೊಬ್ಬರು ಮೈದಾನದ ಕೊಳೆಯನ್ನೂ ಲೆಕ್ಕಕ್ಕೆ ತಂದದ್ದು ಆಕಸ್ಮಿಕವಲ್ಲವೆಂದು ಈ ಪ್ರಬಂಧಕಾರನ ದೃಢ ಅಭಿಪ್ರಾಯ. ಇದಕ್ಕೆ ಆಧಾರ ಕೇಳಬಾರದು.

ಬ್ಯಾಟ್ಸ್‌ಮನ್ ಮೂರು ಸ್ಟ್ರೈಕಿಗೆ ಔಟಾದರೆ ಹಾಕುವ ‘ಕೆ’ ಅಕ್ಷರವೂ ಚಾಡ್ವಿಕ್ ಅವರದೇ ಕೊಡುಗೆ. ‘ಎಸ್’ ಅಕ್ಷರ ಸ್ಯಾಕ್ರಿಫೈಸ್ ಹೊಡೆತಕ್ಕೆ ಹೋಗಿತ್ತಾದ್ದರಿಂದ ‘ಸ್ಟ್ರಕ್’ ಪದದ ಬಾಲದಲ್ಲಿದ್ದ ಅಕ್ಷರವನ್ನು ಹಿಡಿದರಂತೆ. ಬ್ಯಾಟು ಬೀಸಿ ತಪ್ಪಿದವನಿಗೆ ನೆಟ್ಟಗಿನ ಕೆ. ಬ್ಯಾಟು ಬೀಸದೆ ಬೆಪ್ಪನಂತೆ ನಿಂತು ಔಟಾದವನಿಗೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾದ ಕೆ. ಮಾಡಿ ಕೆಟ್ಟವನಿಗೂ ಮಾಡದೆ ಕೆಟ್ಟವನಿಗೂ ಬೇರೆ ಬೇರೆ ನರಕ ಕಲ್ಪಿಸಿದ ಈ ಸೂಕ್ಷ್ಮ ನಮ್ಮ ಗರುಡಪುರಾಣಕ್ಕೂ ಹೊಳೆದಂತಿಲ್ಲ. 1908ರಲ್ಲಿ ತೀರಿಕೊಂಡ ಚಾಡ್ವಿಕ್ ಅವರ ಸಮಾಧಿ ಬ್ರೂಕ್ಲಿನ್‌ನ ಗ್ರೀನ್‌ವುಡ್ ಸ್ಮಶಾನದಲ್ಲಿದೆ. ಮೇಲೆ ಕಲ್ಲಿನ ಬೇಸ್‌ಬಾಲ್, ಸುತ್ತ ನಾಲ್ಕು ಮೂಲೆಗೆ ನಾಲ್ಕು ಕಲ್ಲಿನ ಬೇಸ್. ಒಟ್ಟಿನಲ್ಲಿ ಅವರು ಹೋಮ್ ಪ್ಲೇಟ್ ತಲುಪಿದರೆಂದೇ ಭಕ್ತರ ನಂಬಿಕೆ.

ಇನ್ನು ಲಿಪಿಯ ವಿಚಾರ. ಫೀಲ್ಡಿಂಗ್ ಮಾಡುವ ಒಂಬತ್ತು ಮಂದಿಗೆ ಒಂಬತ್ತು ಅಂಕಿ. ಚೆಂಡೆಸೆಯುವ ಪಿಚರ್ 1, ಹಿಂದೆ ಕುಕ್ಕರಗಾಲಿನಲ್ಲಿ ಕೂತ ಕ್ಯಾಚರ್ 2, ಮೊದಲ ಬೇಸಿನವನು 3, ಎರಡನೆಯ ಬೇಸಿನವನು 4, ಮೂರನೆಯ ಬೇಸಿನವನು 5. ಎರಡನೆಯ ಬೇಸಿಗೂ ಮೂರನೆಯದಕ್ಕೂ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಮಾತ್ರ ಸಾಲು ಮುರಿದು 6. ಹಿಂದೆ ಹೊರಮೈದಾನದಲ್ಲಿ ನಿಲ್ಲುವ ಮೂವರು 7, 8, 9. ಮೂರನೆಯ ಬೇಸಿನವನು 3 ಅಲ್ಲ, 5 ಎಂಬಲ್ಲಿಗೇ ಹೊಸ ಶಿಷ್ಯರಲ್ಲಿ ಅರ್ಧ ಜನ ಕೈಚೆಲ್ಲುತ್ತಾರೆ. ಉಳಿದವರಿಗೆ ಬೆನ್ನ ಮೇಲಿನ ನಂಬರಿನ ಕಾಟ. 1929ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ ಬ್ಯಾಟಿಂಗ್ ಸರದಿಯ ಪ್ರಕಾರ ಅಂಗಿಗಳಿಗೆ ನಂಬರ್ ಹಚ್ಚಿತು. ಲೂ ಗೆಹ್ರಿಗ್ ಬೆನ್ನಿನ ಮೇಲೆ 4, ಸ್ಕೋರ್ ಪುಸ್ತಕದಲ್ಲಿ 3. ಮುಂದೆ ಬಂದ ಜೋ ಡಿಮಾಜಿಯೋ ಬೆನ್ನಿನ ಮೇಲೆ 5, ಪುಸ್ತಕದಲ್ಲಿ 8. ಬೆನ್ನಿನದು ಉಪಾಧಿ, ಪುಸ್ತಕದ್ದು ಸ್ವರೂಪ ಎಂದು ತಿಳಿದರೆ ಸಂಶಯ ಪರಿಹಾರವಾಗುತ್ತದೆ.

ಒಂದು ಉದಾಹರಣೆ. ಮೊದಲ ಬೇಸಿನಲ್ಲಿ ಎದುರಾಳಿ ಓಟಗಾರನಿದ್ದಾನೆ. ಬ್ಯಾಟ್ಸ್‌ಮನ್ ಹೊಡೆದ ಚೆಂಡು ನೆಲ ಹಿಡಿದು ಶಾರ್ಟ್‌ಸ್ಟಾಪ್ ಕಡೆ ಬಂತು. ಅವನು ಬಗ್ಗಿ ಹಿಡಿದು ಎರಡನೆಯ ಬೇಸಿನವನಿಗೆ ಎಸೆದ. ಅಲ್ಲಿಗೆ ಬರುತ್ತಿದ್ದವನು ಔಟ್. ಎರಡನೆಯವನು ಮೈಮೇಲೆ ಜಾರಿ ಬರುತ್ತಿದ್ದವನ ಕಾಲು ತಪ್ಪಿಸಿ, ತಿರುಗಿ, ಮೊದಲ ಬೇಸಿಗೆ ಎಸೆದ; ಹೊಡೆದವನೂ ಔಟ್. ಐವತ್ತು ಸಾವಿರ ಜನ ಎದ್ದು ನಿಂತು ಬೊಬ್ಬೆ ಹೊಡೆದರು. ಇಷ್ಟೂ ರಾಮಾಯಣಕ್ಕೆ ನಮ್ಮವನು ಬರೆಯುವುದು: 6-4-3. ಅರ್ಧ ಮಾತ್ರೆ ಉಳಿದರೆ ಮಗ ಹುಟ್ಟಿದಷ್ಟು ಹಿಗ್ಗುತ್ತಿದ್ದರಂತೆ ನಮ್ಮ ವೈಯಾಕರಣರು. ಅವರಿಗೆ ಈ ಮೂರಂಕಿ ತೋರಿಸಿದ್ದರೆ ತೊಟ್ಟಿಲಿಗೆ ಜಾಗ ಸಾಲುತ್ತಿರಲಿಲ್ಲ.

ಜಪಾನಿಗೆ ಹೋದ ಈ ಶಾಸ್ತ್ರ ಅಲ್ಲಿ ಎರಡು ಮಠವಾಯಿತು: ವಾಸೆದಾ ಪದ್ಧತಿ, ಕೇಯೋ ಪದ್ಧತಿ. ಎರಡೂ ಟೋಕಿಯೋದ ವಿಶ್ವವಿದ್ಯಾಲಯಗಳ ಹೆಸರು. ಬೇಸ್‌ಬಾಲಿನಲ್ಲಿ ಅವುಗಳ ಹಗೆತನ 1903ರಷ್ಟು ಹಳೆಯದು. ಸಾಮಾನ್ಯ ಭಕ್ತರು ಹೆಚ್ಚಾಗಿ ವಾಸೆದಾ ಮತದವರು, ವೃತ್ತಿಪರ ಲೀಗಿನ ಅಧಿಕೃತ ಲೆಕ್ಕ ಕೇಯೋ ಮತದ್ದು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಓದಲು ಬಾರದಿದ್ದರೆ ಮಾತ್ರ ಮಠ ಗಟ್ಟಿಯಾಗಿ ನಿಲ್ಲುತ್ತದೆಂಬುದು ನಮಗೇನು ಹೊಸತಲ್ಲ.

ಈಗ ಗಹನ ಭಾಗಕ್ಕೆ ಬರೋಣ. ಫೀಲ್ಡರ್ ಕೈಗೆ ಬಂದ ಚೆಂಡು ಜಾರಿತು, ಹೊಡೆದವನು ಬೇಸ್ ಮುಟ್ಟಿದ. ಇದು ಹೊಡೆದವನ ಪುಣ್ಯವೋ ಹಿಡಿಯದವನ ಪಾಪವೋ? ಹಿಟ್ ಎಂದರೆ ಮೊದಲನೆಯದು, ಎರರ್ ಎಂದರೆ ಎರಡನೆಯದು. ತೀರ್ಮಾನ ಅಂಪೈರನದಲ್ಲ, ಪತ್ರಕರ್ತರ ಗ್ಯಾಲರಿಯಲ್ಲಿ ನೆರಳಿನಲ್ಲಿ ಕೂತ ಅಧಿಕೃತ ಸ್ಕೋರರ್‌ನದು. ಆ ಜಾಗದ ಫೀಲ್ಡರ್ ಸಾಧಾರಣ ಶ್ರಮದಿಂದ ಹಿಡಿಯಬಹುದಾಗಿತ್ತೇ ಎಂದು ಅವನು ತನ್ನನ್ನು ತಾನೇ ಕೇಳಿಕೊಳ್ಳಬೇಕೆಂದು ನಿಯಮವಿದೆ. ಚೆಂಡನ್ನು ಬೆನ್ನಟ್ಟಿ ಹೋಗಿ ಕೈಚಾಚಿ ತಪ್ಪಿದವನಿಗೆ ಎರರ್ ಬೀಳುವ ಭಯವುಂಟು, ನಿಂತಲ್ಲೇ ನಿಂತು ಚೆಂಡು ಹಾದುಹೋಗುವುದನ್ನು ನೋಡಿದವನಿಗೆ ಅದಿಲ್ಲ. ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಈ ನಿಯಮವನ್ನು ವಿವರಿಸಿ ಹೇಳಬೇಕಿಲ್ಲ.

ಇದಕ್ಕಿಂತ ಆಳದ್ದು ‘ಗಳಿಸಿದ ರನ್’ ಪ್ರಕರಣ. ಪಿಚರ್ ಕೊಟ್ಟ ರನ್‌ಗಳಲ್ಲಿ ಅವನ ಸ್ವಂತ ತಪ್ಪಿಗೆ ಎಷ್ಟು, ಪಕ್ಕದವರ ತಪ್ಪಿಗೆ ಎಷ್ಟು ಎಂದು ಬಿಡಿಸಬೇಕು. ಎರಡು ಔಟ್ ಆಗಿದೆ ಎನ್ನಿ. ಮೂರನೆಯವನು ಹೊಡೆದ ಸುಲಭದ ಚೆಂಡನ್ನು ಶಾರ್ಟ್‌ಸ್ಟಾಪ್ ಕೈಬಿಟ್ಟ. ಅಲ್ಲಿಂದ ಪಿಚರ್ ಎಸೆದದ್ದನ್ನೆಲ್ಲ ಎದುರಾಳಿಗಳು ಮೈದಾನದಾಚೆಗೆ ಅಟ್ಟಿ ಐದು ರನ್ ಮಾಡಿದರು. ಪಿಚರ್ ಲೆಕ್ಕಕ್ಕೆ ಎಷ್ಟು? ಸೊನ್ನೆ. ಏಕೆಂದರೆ ಶಾರ್ಟ್‌ಸ್ಟಾಪ್ ಚೆಂಡು ಹಿಡಿದಿದ್ದರೆ ಇನ್ನಿಂಗ್ಸ್ ಅಲ್ಲಿಗೇ ಮುಗಿಯುತ್ತಿತ್ತು. ಮುಗಿಯಬೇಕಿದ್ದ ಇನ್ನಿಂಗ್ಸಿನಲ್ಲಿ ಬಿದ್ದ ರನ್ನು ಬಿದ್ದೂ ಬೀಳದಂತೆ. ಅಂದರೆ ಸ್ಕೋರರ್ ಕಣ್ಣೆದುರಿಗೆ ನಡೆದ ಇನ್ನಿಂಗ್ಸನ್ನು ಒತ್ತಟ್ಟಿಗಿಟ್ಟು, ಎಲ್ಲರೂ ನೆಟ್ಟಗಿದ್ದಿದ್ದರೆ ನಡೆಯಬಹುದಾಗಿದ್ದ ಇನ್ನಿಂಗ್ಸೊಂದನ್ನು ಮನಸ್ಸಿನಲ್ಲೇ ಆಡಿಸಿ, ಅದರ ಲೆಕ್ಕ ಬರೆಯುತ್ತಾನೆ. ಆಟ ಮಿಥ್ಯೆ ಎಂದರೆ ಇನ್ನೂ ನಂಬದವರು ಇಲ್ಲಿ ಬಾಯಿ ಮುಚ್ಚಬೇಕು.

ಲೆಕ್ಕದ ಸತ್ಯ ಸಾವನ್ನೂ ಮೀರುತ್ತದೆ. ಚಿಕಾಗೋ ಕಬ್ಸ್ ತಂಡದ ಹ್ಯಾಕ್ ವಿಲ್ಸನ್ 1930ರ ಒಂದೇ ಋತುವಿನಲ್ಲಿ ತಮ್ಮ ಹೊಡೆತಗಳಿಂದ 190 ರನ್ ತಂದುಕೊಟ್ಟರೆಂದು ದಾಖಲೆ ಹೇಳುತ್ತಿತ್ತು. ಹಳೆಯ ಕಾಗದ ಕೆದಕಿದವರಿಗೆ ಒಂದು ರನ್ ಸಹ ಆಟಗಾರನ ಖಾತೆಗೆ ಜಮೆಯಾದದ್ದು ಕಂಡಿತು. 1999ರಲ್ಲಿ ಅದನ್ನು ತಿದ್ದಿ 191 ಮಾಡಿದರು. ವಿಲ್ಸನ್ ತೀರಿಕೊಂಡದ್ದು 1948ರಲ್ಲಿ. ಸತ್ತು ಐವತ್ತು ವರ್ಷ ದಾಟಿದ ಮೇಲೂ ಅವರ ಆಟ ಸುಧಾರಿಸಿತು. ಅವರಿಗಿಂತ ಹಿಂದಿನ ಹೊಡೆತಗಾರ ಟೈ ಕಾಬ್ ಕತೆ ತಿರುಗುಮುರುಗು. 1910ರಲ್ಲಿ ಅವರ ಒಂದು ಪಂದ್ಯವನ್ನು ಎರಡು ಸಲ ಬರೆದುಕೊಂಡಿದ್ದರೆಂದು 1981ರಲ್ಲಿ ಬಯಲಾಯಿತು. ಆಗಿನ ಕಮಿಷನರ್ ಬೋವಿ ಕೂನ್ ತಿದ್ದಲು ಒಪ್ಪಲಿಲ್ಲ. ಹೀಗಾಗಿ ಕಾಬ್ ಜೀವಮಾನದ ಹಿಟ್‌ಗಳು ಅಧಿಕೃತರಿಗೆ 4191, ಸಂಶೋಧಕರಿಗೆ 4189. ಶ್ರುತಿ-ಸ್ಮೃತಿಗಳ ವಿರೋಧ ಬಂದಾಗ ಏನು ಮಾಡಬೇಕೆಂದು ಮೀಮಾಂಸಕರು ಹೇಳಿದ್ದಾರೆ. ಕೂನ್ ಅದನ್ನು ಓದಿದ್ದರೆಂದು ತೋರುವುದಿಲ್ಲ.

ಸುಖದ ಮಾತನ್ನೂ ಆಡಬೇಕಲ್ಲ. ಪರಮಸುಖ ಬರೆಯುವುದರಲ್ಲಿಲ್ಲ, ಬರೆಯಲು ಏನೂ ಇಲ್ಲದಿರುವುದರಲ್ಲಿದೆ. ಬೇಸ್ ತಲುಪಿದವನ ಖಾನೆಯಲ್ಲಿ ಗೆರೆ ಎಳೆಯುತ್ತ ಹೋಗುತ್ತಾರೆ. ನಾಲ್ಕು ಬೇಸ್ ಸುತ್ತಿ ಬಂದರೆ ವಜ್ರಾಕೃತಿ ಪೂರ್ತಿಯಾಗುತ್ತದೆ. 1956ರ ಅಕ್ಟೋಬರ್ 8ರಂದು ವಿಶ್ವಸರಣಿಯಲ್ಲಿ ಯಾಂಕೀಸ್ ಪಿಚರ್ ಡಾನ್ ಲಾರ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಇಪ್ಪತ್ತೇಳು ಮಂದಿ ಬಂದರೆ ಇಪ್ಪತ್ತೇಳು ಮಂದಿಯನ್ನೂ ಬಂದ ದಾರಿಯಲ್ಲೇ ಕಳಿಸಿದರು. ಒಂದೇ ಒಂದು ಗೆರೆ ಇಲ್ಲ. ಕೊನೆಯವನು ಡೇಲ್ ಮಿಚೆಲ್, ಬ್ಯಾಟು ಬೀಸದೆ ಔಟ್. ಆ ಖಾಲಿ ಹಾಳೆಯ ತುದಿಯಲ್ಲಿ ತಿರುಗುಮುರುಗಾದ ಒಂದು ಕೆ. ಶೂನ್ಯ ಸಂಪಾದನೆ ಎಂದರೆ ಇದು. ಇಂಥ ಸುಖ ಕ್ರಿಕೆಟ್ಟಿನಲ್ಲೂ ಉಂಟು: ಅದೇ ವರ್ಷ ಜುಲೈನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಬೌಲರ್ ಜಿಮ್ ಲೇಕರ್ ಒಂದೇ ಇನ್ನಿಂಗ್ಸಿನಲ್ಲಿ 53 ರನ್‌ಗೆ ಹತ್ತು ವಿಕೆಟ್ ಕಿತ್ತಿದ್ದರು. 1999ರಲ್ಲಿ ದೆಹಲಿಯಲ್ಲಿ ಅದನ್ನು ಮತ್ತೆ ಮಾಡಿದ್ದು ನಮ್ಮ ಅನಿಲ್ ಕುಂಬ್ಳೆ, 74 ರನ್‌ಗೆ. ಆ ದಿನ ಕೋಟ್ಲಾ ಮೈದಾನದಲ್ಲಿ ಬೌಲರ್ ಹೆಸರಿನ ಕಾಲಮಿನಲ್ಲಿ ಒಂದೇ ಹೆಸರನ್ನು ಹತ್ತು ಸಲ ಬರೆದ ಸ್ಕೋರರ್ ಕೈಗಳ ಸುಖ ಏನೆಂದು ಕನ್ನಡಿಗರಾದರೂ ಊಹಿಸಬಲ್ಲರು.

ತದ್ವಿರುದ್ಧದ ದೃಷ್ಟಾಂತ, ರೋಡ್ ಐಲೆಂಡಿನ ಪಟಕೆಟ್. 1981ರ ಏಪ್ರಿಲ್ 18ರ ರಾತ್ರಿ ಅಲ್ಲಿನ ರೆಡ್ ಸಾಕ್ಸ್‌ಗೂ ರಾಚೆಸ್ಟರ್ ರೆಡ್ ವಿಂಗ್ಸ್‌ಗೂ ಕಿರಿಯರ ಲೀಗಿನ ಪಂದ್ಯ. ಒಂಬತ್ತು ಇನ್ನಿಂಗ್ಸಿಗೆ ಮುಗಿಯಬೇಕಾದದ್ದು ಸಮಸಮವಾಗಿ ಎಳೆಯುತ್ತ ಹೋಯಿತು. ಚಳಿಗೆ ಆಟಗಾರರು ಮುರಿದ ಬ್ಯಾಟುಗಳನ್ನು ಸುಟ್ಟು ಕೈಕಾಯಿಸಿಕೊಂಡರು. ಮರುದಿನ ಈಸ್ಟರ್, ಬೆಳಗಿನ ಜಾವ 4 ಗಂಟೆ 7 ನಿಮಿಷಕ್ಕೆ, 32 ಇನ್ನಿಂಗ್ಸ್ ಆದ ಮೇಲೆ ನಿಲ್ಲಿಸಿದಾಗ ಉಳಿದಿದ್ದ ಪ್ರೇಕ್ಷಕರು 19 ಮಂದಿ. ಜೂನ್ 23ರಂದು ಮತ್ತೆ ಸೇರಿ 18 ನಿಮಿಷದಲ್ಲಿ ಪಟಕೆಟ್ 3-2ರಿಂದ ಗೆದ್ದಿತು. ಹತ್ತು ಹನ್ನೆರಡು ಇನ್ನಿಂಗ್ಸಿಗಷ್ಟೇ ಖಾನೆ ಇರುವ ಕಾಗದದಲ್ಲಿ 33ನೆಯ ಇನ್ನಿಂಗ್ಸನ್ನು ಎಲ್ಲಿ ಬರೆಯುವುದು ಎಂಬುದರ ಮೇಲೆ ಒಂದು ಪಿಎಚ್‌ಡಿ ಆಗಬೇಕಿದೆ. ಯುಜಿಸಿ ಗಮನಿಸಲಿ.

ಕೊನೆಗೆ ಅಧಿಕಾರಿ. ಯಾಂಕೀಸ್ ತಂಡದ ಹಳೆಯ ಶಾರ್ಟ್‌ಸ್ಟಾಪ್, ಅನಂತರ ದಶಕಗಟ್ಟಲೆ ವೀಕ್ಷಕ ವಿವರಣೆಕಾರರಾಗಿದ್ದ ಫಿಲ್ ರಿಜ಼ುಟೋ ತಮ್ಮ ಸ್ಕೋರ್ ಪುಸ್ತಕದಲ್ಲಿ ಯಾವ ಆಚಾರ್ಯರೂ ಹೇಳದ ಒಂದು ಸಂಕೇತ ಬಳಸುತ್ತಿದ್ದರು: ‘ಡಬ್ಲ್ಯೂ ಡಬ್ಲ್ಯೂ’. ಅರ್ಥ, ನಾನು ನೋಡುತ್ತಿರಲಿಲ್ಲ. ಬರೆಯದ್ದು ನಡೆದೇ ಇಲ್ಲವೆಂಬ ನಮ್ಮ ಸಿದ್ಧಾಂತಕ್ಕೆ ಇದರಿಂದ ಭಂಗವಲ್ಲವೇ ಎಂದು ಪೂರ್ವಪಕ್ಷದವರು ಕುಣಿದಾಡುತ್ತಾರೆ. ಭಂಗವಿಲ್ಲ. ರಿಜ಼ುಟೋ ಬರೆದರಲ್ಲ! ನೋಡದಿದ್ದದ್ದೂ ಖಾನೆಗೆ ಬಂತೆಂದ ಮೇಲೆ ನೋಡುವುದು ಅನಿವಾರ್ಯವಲ್ಲವೆಂದೇ ಸಿದ್ಧವಾಯಿತು. ಆದ್ದರಿಂದ ಕಡಲೆಕಾಯಿ ತರಲು ಎದ್ದುಹೋದವನೂ, ಮಕ್ಕಳನ್ನು ಬಾತ್‌ರೂಮಿಗೆ ಕರೆದೊಯ್ದವನೂ ಅಧಿಕಾರಿಯೇ, ಪ್ರಾಯಶ್ಚಿತ್ತ ಮಾಡಿಕೊಂಡರೆ. ಲಘು ಪ್ರಾಯಶ್ಚಿತ್ತ, ಪಕ್ಕದ ಸೀಟಿನವನನ್ನು ಕೇಳಿ ಬರೆದುಕೊಳ್ಳುವುದು. ಅವನೂ ನೋಡಿರದಿದ್ದರೆ ರಿಜ಼ುಟೋ ಸಂಕೇತ. ಅದಕ್ಕೂ ಮನಸ್ಸು ಒಪ್ಪದವರಿಗೆ ಗುರುಪ್ರಾಯಶ್ಚಿತ್ತವಾಗಿ, ಡೆಲವೇರ್ ವಿಶ್ವವಿದ್ಯಾಲಯದ ಜೀವಶಾಸ್ತ್ರ ಪ್ರಾಧ್ಯಾಪಕ ಡೇವಿಡ್ ಸ್ಮಿತ್ 1989ರಲ್ಲಿ ಆರಂಭಿಸಿದ ರೆಟ್ರೋಶೀಟ್ ಇದೆ. ಹಳೆಯ ಪಂದ್ಯಗಳ ಸ್ಕೋರ್ ಹಾಳೆಗಳನ್ನು ತಂಡದವರಿಂದ, ಪತ್ರಕರ್ತರಿಂದ, ಅಭಿಮಾನಿಗಳ ಅಟ್ಟದಿಂದ ಒಟ್ಟುಮಾಡಿ, ಒಂದೊಂದು ಹೊಡೆತವನ್ನೂ ಕಂಪ್ಯೂಟರಿಗೆ ಏರಿಸುತ್ತ ಬಂದಿದ್ದಾರೆ. ಮನೆಗೆ ಹೋಗಿ ಅಲ್ಲಿ ಹುಡುಕಿ, ರಬ್ಬರಿನಿಂದ ಅಳಿಸಿ, ಸರಿಯಾದದ್ದನ್ನು ತುಂಬಬಹುದು. ಪೆನ್ನಿನಲ್ಲಿ ಬರೆದವರಿಗೆ ಪ್ರಾಯಶ್ಚಿತ್ತ ಹೇಳಿಲ್ಲ.