ರಾವಣನನ್ನು ಸುಡುವ ಕ್ರಮ

ಮೊದಲು ಓದಿ

ಉತ್ತರ ಭಾರತದಲ್ಲಿ ವಿಜಯದಶಮಿಯ ಸಂಜೆ ರಾವಣನನ್ನು ಸುಡುವುದು ಅವನು ಉಳಿಯಬಾರದೆಂದು. ಈ ಕೈಪಿಡಿ ಕಲಿಸುವುದು ಅವನು ಉಳಿಯುವಂತೆ ಸುಡುವುದನ್ನು. ಅಲ್ಲಿ ಹೊಟ್ಟೆಗೆ ಪಟಾಕಿ ತುಂಬಿ ಬೆಂಕಿ ಇಡುತ್ತಾರೆ. ನಿಮಗೆ ಪಟಾಕಿಯ ಖರ್ಚಿಲ್ಲ. ಮಣ್ಣಿನೊಳಗೆ ಒಂದಿಷ್ಟು ಪಸೆ ಉಳಿದಿದ್ದರೆ ಸದ್ದು ಅಷ್ಟೇ ಬರುತ್ತದೆ.

ಮೊದಲ ಗೊಂಬೆಗೇ ರಾವಣ ಯಾಕೆ, ಒಳ್ಳೇದಾಗಲಿ ಅಂತ ಗಣಪತಿ ಮಾಡಬಾರದೇ ಎಂದು ಮನೆಯವರು ಕೇಳುತ್ತಾರೆ. ಸುಟ್ಟ ಗಣಪತಿಯನ್ನು ಬಿಡುವುದೆಲ್ಲಿ? ಮಣ್ಣೆತ್ತಿನ ಅಮಾವಾಸ್ಯೆಯ ಎತ್ತು, ಆಷಾಢದ ಗುಳ್ಳವ್ವ, ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಸಾಯುವ ಜೋಕುಮಾರ, ಇವರೆಲ್ಲ ಹಸಿ ಮಣ್ಣಾಗಿಯೇ ಬಂದು ಹೋಗುವವರು. ಸುಮಾರು 600 ಡಿಗ್ರಿ ದಾಟಿದ ಜೇಡಿಮಣ್ಣು ಆಮೇಲೆ ಎಷ್ಟು ನೆನೆಸಿದರೂ ಮಣ್ಣಾಗುವುದಿಲ್ಲ. ಅಂಥ ಸಾವಿಲ್ಲದ ಬಾಳನ್ನು ತಪಸ್ಸು ಮಾಡಿ ಕೇಳಿದವನು ರಾವಣ. ಅವನಿಗೇ ಕೊಡೋಣ.

ಬೇಕಾಗುವ ಸಾಮಾನು

ಸ್ಟೋನ್‌ವೇರ್ ಮಣ್ಣು ಹತ್ತು ಕಿಲೋ. ಊರ ಕುಂಬಾರರ ಕೆಂಪು ಮಣ್ಣು ಮಡಕೆಗೆ ಚೆನ್ನ, ಆದರೆ ನಾವು ಏರಲಿರುವ ಶಾಖಕ್ಕೆ ಕುಸಿದು ಬೀಳುತ್ತದೆ. ಸುಟ್ಟ ಮಣ್ಣಿನ ಪುಡಿ ಒಂದೆರಡು ಹಿಡಿ, ಬಿದಿರಿನ ಕಡ್ಡಿ, ಹಳೆಯ ಟೂತ್‌ಬ್ರಶ್, ಪ್ಲಾಸ್ಟಿಕ್ ಹಾಳೆ. ಒಂದು ರಾಮಾಯಣ. ಯಾವ ರಾಮಾಯಣ ಎಂಬ ಜಗಳ ಮುಂದೆ ಬರಲಿದೆ.

ಹದ

ಪುಡಿ ಬೆರೆಸಿ, ಗಾಳಿಗುಳ್ಳೆ ಹೋಗುವವರೆಗೆ ಮಣ್ಣನ್ನು ನೆಲಕ್ಕೆ ಬಡಿದು ನಾದಿ. ಕುಂಬಾರ ಗುಂಡಯ್ಯ ಮಡಕೆ ತಟ್ಟುವ ಸದ್ದಿಗೆ ಸಾಕ್ಷಾತ್ ಶಿವನೇ ಕುಣಿದನೆಂದು ಹರಿಹರನ ರಗಳೆ ಹೇಳುತ್ತದೆ. ನೀವು ಬಡಿಯುವ ಸದ್ದಿಗೆ ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬರುತ್ತಾರೆ. ದರ್ಶನವೆಂದು ತಿಳಿಯದೆ ಬಾಗಿಲು ಹಾಕಿಕೊಳ್ಳಿ.

ತಲೆಗಳ ಲೆಕ್ಕ

ಹೆಚ್ಚಿನವರು ಕೈಬಿಡುವುದು ಇಲ್ಲಿಯೇ. ಹತ್ತು ಸಮಸಂಖ್ಯೆ. ನಡುವೆ ಒಂದು ತಲೆ ಇಟ್ಟರೆ ಉಳಿದದ್ದು ಒಂಬತ್ತು. ಒಂದು ಬದಿಗೆ ನಾಲ್ಕು, ಇನ್ನೊಂದಕ್ಕೆ ಐದು. ಕ್ಯಾಲೆಂಡರ್ ಕಲಾವಿದನಿಗೆ ಇದೊಂದು ತೊಂದರೆಯೇ ಅಲ್ಲ, ಬರೆದ ತಲೆಗೆ ತೂಕವಿಲ್ಲ. ಹಸಿ ಮಣ್ಣಿನ ರಾವಣ ಮಾತ್ರ ಐದು ತಲೆಯ ಕಡೆಗೆ ವಾಲುತ್ತಾನೆ, ಅದೂ ನೀವು ಮಲಗಿದ ಮೇಲೆ. ಹಳೇಬೀಡಿನಲ್ಲಿ ಕೈಲಾಸ ಎತ್ತುತ್ತಿರುವ ರಾವಣನನ್ನು ನೋಡಿ ಧೈರ್ಯ ತಂದುಕೊಳ್ಳುವವರಿದ್ದಾರೆ. ಅದು ಉಬ್ಬುಶಿಲ್ಪ, ಬೆನ್ನು ಗೋಡೆಗೆ ಅಂಟಿರುವವನಿಗೆ ವಾಲುವ ಭಯವಿಲ್ಲ. ನಿಮಗಿರುವ ದಾರಿ ಹತ್ತನೆಯ ತಲೆಯನ್ನು ಹಿಂಬದಿಗೆ, ನಡುತಲೆಯ ಬೆನ್ನಿಗೆ ಕೂರಿಸುವುದು. ಎದುರಿಂದ ನೋಡಿದವರು ಎಣಿಸಿ ‘ಒಂಬತ್ತೇ ಇದೆಯಲ್ಲ’ ಎನ್ನುತ್ತಾರೆ. ಎನ್ನಲಿ.

ಸೋಮಾರಿಗಳಿಗೂ ಶಾಸ್ತ್ರದಲ್ಲಿ ಆಧಾರವುಂಟು. ಸುಂದರಕಾಂಡದಲ್ಲಿ ಹನುಮಂತ ಅಂತಃಪುರಕ್ಕೆ ನುಗ್ಗಿದಾಗ ಕಂಡ, ಮಲಗಿದ್ದ ರಾವಣನಿಗೆ ಒಂದೇ ಮುಖ, ಎರಡೇ ತೋಳು. ಮಲಗಿದ ಗೊಂಬೆ ವಾಲುವುದೂ ಇಲ್ಲ. ಆದರೆ ಅದನ್ನು ರಾವಣನೆಂದು ಯಾರೂ ನಂಬುವುದಿಲ್ಲ. ಊಟವಾದ ಮೇಲೆ ಅಡ್ಡಾದ ಯಾರೋ ಯಜಮಾನರು ಎಂದುಕೊಳ್ಳುತ್ತಾರೆ.

ಪ್ರತಿ ತಲೆಯೂ ಪೊಳ್ಳಾಗಿರಬೇಕು. ಎರಡು ಬಟ್ಟಲು ಮಾಡಿ ಬಾಯಿಗೆ ಬಾಯಿ ಕೂಡಿಸಿ. ಗೋಡೆ ಒಂದು ಸೆಂಟಿಮೀಟರಿಗಿಂತ ದಪ್ಪ ಬೇಡ. ತಲೆ, ಕುತ್ತಿಗೆ ಎರಡೂ ಒಂದೇ ಹದದಲ್ಲಿ, ಚರ್ಮದಷ್ಟು ಗಟ್ಟಿಯಾದಾಗ, ಕೂಡುವ ಜಾಗವನ್ನು ಗೀರಿ, ತೆಳು ಕೆಸರು ಬಳಿದು ಒತ್ತಿ. ಹಸಿ ತಲೆಯನ್ನು ಒಣ ಕುತ್ತಿಗೆಗೆ ಅಂಟಿಸಿದರೆ ತಲೆ ಕುಗ್ಗುತ್ತದೆ, ಕುತ್ತಿಗೆ ಕುಗ್ಗುವುದಿಲ್ಲ, ನಡುವೆ ಬಿರುಕು. ಬೇರೊಂದು ಪ್ರಾಣಿಯ ತಲೆಯನ್ನೇ ತಂದು ಹುಡುಗನ ಮುಂಡಕ್ಕೆ ಬಿರುಕಿಲ್ಲದೆ ಕೂಡಿಸಿದ ಪ್ರಸಂಗ ಕೈಲಾಸದಲ್ಲಿ ಒಮ್ಮೆ ನಡೆದಿದೆ. ಆ ವಿಧಾನ ಈ ಕೈಪಿಡಿಯ ವ್ಯಾಪ್ತಿಯಲ್ಲಿಲ್ಲ.

ಮುಖಗಳು

ಗೊಂಬೆ ಮಾಡುವ ಸುದ್ದಿ ಹರಡುತ್ತಿದ್ದಂತೆ ಬೇಡಿಕೆಗಳು ಬರುತ್ತವೆ. 1958ರ ‘ಭೂಕೈಲಾಸ’ದ ರಾಜಕುಮಾರರ ಮುಖವೇ ಇರಲಿ ಎಂದು ಅಜ್ಜ. ಅದೇ ವರ್ಷದ ತೆಲುಗು ಚಿತ್ರದ ಎನ್‌ಟಿಆರ್ ಅವರದ್ದಾಗಲಿ ಎಂದು ಬಳ್ಳಾರಿಯ ಬೀಗರು. 1987ರಲ್ಲಿ ಭಾನುವಾರದ ಬೆಳಗನ್ನೆಲ್ಲ ಟಿವಿ ಎದುರು ಕಳೆದ ಚಿಕ್ಕಮ್ಮನಿಗೆ ಅರವಿಂದ್ ತ್ರಿವೇದಿಯ ನಗು ಬೇಕು. ಹಿಂದಿಯ ಹೊಸ ‘ರಾಮಾಯಣ’ದಲ್ಲಿ ಯಶ್ ರಾವಣನೆಂದು ಗೊತ್ತಾದಂದಿನಿಂದ ಮಕ್ಕಳಿಗೆ ಗಡ್ಡವಿಲ್ಲದ ರಾವಣ ರಾವಣನೇ ಅಲ್ಲ. ಬೇರೆ ಯಾವ ಪಾತ್ರವಾಗಿದ್ದರೂ ಮನೆ ಒಡೆಯುತ್ತಿತ್ತು. ಹತ್ತು ತಲೆಯ ನಿಜವಾದ ಉಪಯೋಗ ಇದು. ಎಲ್ಲರಿಗೂ ಒಂದೊಂದು ಕೊಟ್ಟುಬಿಡಿ.

ಮಿಕ್ಕವು ನಿಮ್ಮವು. ಒಂದು ಗೋಕರ್ಣದ ರಾವಣನಿಗೆ: ಆತ್ಮಲಿಂಗವನ್ನು ದನ ಕಾಯುವ ಹುಡುಗನ ಕೈಗೆ ಕೊಟ್ಟು ಮೋಸಹೋದವನ, ಅಳುವುದೋ ಬೈಯುವುದೋ ತಿಳಿಯದ ಮುಖ. ಒಂದು ಕುವೆಂಪು ರಾವಣನಿಗೆ, ಕಣ್ಣು ತಗ್ಗಿಸಿರಲಿ. ಆ ಮಹಾಕಾವ್ಯದಲ್ಲಿ ಅವನು ಒಳಗೊಳಗೇ ಬದಲಾಗುತ್ತಾನೆ, ಅದನ್ನು ಮೀಸೆ ತಿರುಗಿಸಿ ತೋರಿಸಲಾಗದು.

ಇನ್ನೊಂದು ತಲೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಕನ್ನಡದ ಜನಪದ ರಾಮಾಯಣವೊಂದರಲ್ಲಿ ರಾವಣ ಹೆಂಡತಿಗೆಂದು ಸಿಕ್ಕ ಮಾವಿನಹಣ್ಣಿನ ತಿರುಳನ್ನು ತಾನೇ ತಿಂದು, ತಾನೇ ಬಸುರಾಗಿ, ಕೊನೆಗೊಂದು ಸೀನು ಸೀನಿದಾಗ ಮೂಗಿನಿಂದ ಸೀತೆ ಹುಟ್ಟುತ್ತಾಳೆ. ಎ.ಕೆ. ರಾಮಾನುಜನ್ ಮುನ್ನೂರು ರಾಮಾಯಣಗಳ ಕುರಿತ ಪ್ರಬಂಧದಲ್ಲಿ ಈ ಕಥೆಯನ್ನು ಎತ್ತಿಕೊಂಡಿದ್ದಾರೆ. ನಮಗೆ ಇದು ಕಥೆ ಮಾತ್ರವಲ್ಲ, ಅನುಕೂಲ ಕೂಡ: ಪೊಳ್ಳು ತಲೆಗೆ ಹಬೆ ಹೊರಹೋಗಲು ತೂತು ಬೇಕೇ ಬೇಕು, ಸೀನುವ ಮುಖದ ಹೊಳ್ಳೆಗಿಂತ ಮರ್ಯಾದಸ್ಥ ಜಾಗ ಇನ್ನೆಲ್ಲಿ ಸಿಗುತ್ತದೆ? ಬಿದಿರುಕಡ್ಡಿ ಒಳಗಿನ ಟೊಳ್ಳು ಮುಟ್ಟುವವರೆಗೆ ಚುಚ್ಚಿ.

ಒಣಗಿಸುವುದು

ನೆರಳಲ್ಲಿ, ಪ್ಲಾಸ್ಟಿಕ್ ಹೊದಿಸಿ, ದಿನಕ್ಕಿಷ್ಟೇ ತೆರೆಯುತ್ತ. ಕಿವಿ, ಕಿರೀಟದ ತುದಿ ಬೇಗ ಒಣಗುತ್ತವೆ. ಅವಕ್ಕೆ ಒದ್ದೆ ಬಟ್ಟೆ ಸುತ್ತಿ. ಒಣಗುವುದು, ಸುಡುವುದು ಎರಡೂ ಮುಗಿಯುವ ಹೊತ್ತಿಗೆ ಲಂಕೇಶ್ವರ ಹತ್ತರಲ್ಲೊಂದು ಪಾಲು ಗಿಡ್ಡನಾಗಿರುತ್ತಾನೆ. ರಾಮನ ಗೊಂಬೆ ಮೊದಲೇ ತಯಾರಿದ್ದರೆ ಅಳತೆ ಈಗಲೇ ನೋಡಿಕೊಳ್ಳಿ.

ಬೆಂಕಿ

ನೂರು ಡಿಗ್ರಿಯ ಆಚೀಚೆ ಅವಸರ ಬೇಡ. ಅಲ್ಲಿ ನೀರು ಹಬೆಯಾಗಿ ಸುಮಾರು 1,600 ಪಟ್ಟು ಹಿಗ್ಗುತ್ತದೆ. ದಪ್ಪ ಕುತ್ತಿಗೆಯಲ್ಲಿ ಸಿಕ್ಕಿಕೊಂಡರೆ ಕುತ್ತಿಗೆಯನ್ನೇ ಒಡೆದು ಬರುತ್ತದೆ. ಕಿಲ್ನಿನ, ಅಂದರೆ ಮಣ್ಣು ಸುಡುವ ಕರೆಂಟ್ ಒಲೆಯ, ಬಾಗಿಲನ್ನು ಬೆರಳಷ್ಟು ತೆರೆದಿಟ್ಟು ಗಂಟೆಗಟ್ಟಲೆ ಕಾಯಿರಿ. ಮುಂದೆ 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಸ್ಫಟಿಕದ ಕಣಗಳು ಒಮ್ಮೆಲೇ ಹಿಗ್ಗುತ್ತವೆ, ಆರುವಾಗ ಅಲ್ಲಿಯೇ ಕುಗ್ಗುತ್ತವೆ. ಏರುವಾಗಲೂ ಇಳಿಯುವಾಗಲೂ ಅಲ್ಲಿ ಮೆಲ್ಲಗೆ. 1,000 ಡಿಗ್ರಿಯ ಹತ್ತಿರ ಮೊದಲ ಸುಡುವಿಕೆ ಮುಗಿಯುತ್ತದೆ. ಪೂರ್ತಿ ಆರುವ ಮುಂಚೆ ಬಾಗಿಲು ತೆಗೆದು ಇಣುಕಬೇಡಿ. ಇಣುಕುತ್ತೀರಿ, ಗೊತ್ತು, ಆದರೂ ಬರೆಯುವುದು ನಮ್ಮ ಕರ್ತವ್ಯ.

ಬಣ್ಣ

ಕೋಬಾಲ್ಟ್ ಮುಟ್ಟಬೇಡಿ. ಎರಡನೆಯ ಸುಡುವಿಕೆಗೆ ಮುಂಚೆ ಬಳಿಯುವ ಗಾಜಿನಂಥ ಲೇಪದಲ್ಲಿ, ಅಂದರೆ ಗ್ಲೇಜಿನಲ್ಲಿ, ಅದು ನೂರಕ್ಕೆ ಒಂದು ಪಾಲಿದ್ದರೂ ಗಾಢ ನೀಲಿ ಬರುತ್ತದೆ. ಕೋಬಾಲ್ಟ್ ಕಾರ್ಬೊನೇಟ್ ಹಚ್ಚುವಾಗ ನೇರಳೆ ಛಾಯೆಯ ಗುಲಾಬಿಯಂತೆ ಕಾಣುವುದರಿಂದ ಮೋಸಹೋಗುವವರು ಬಹಳ. ಬಾಗಿಲು ತೆರೆದಾಗ ಎದುರಿಗಿರುವುದು ಹತ್ತು ತಲೆಯ ಶ್ರೀರಾಮ, ಅದನ್ನು ಯಾರಿಗೂ ವಿವರಿಸಲಾಗುವುದಿಲ್ಲ. ರಾವಣನಿಗೆ ಕಬ್ಬಿಣ ಸರಿ. ಗ್ಲೇಜಿನಲ್ಲಿ ಶೇ. 8ರಿಂದ 10ರಷ್ಟು ಕಬ್ಬಿಣದ ಆಕ್ಸೈಡ್ ಹಾಕಿ 1,250 ಡಿಗ್ರಿಗೆ ಒಯ್ದರೆ ಮೈ ಹೊಳೆಯುವ ಕಪ್ಪು. ಹುಬ್ಬು, ಮೀಸೆ, ಕಿರೀಟದ ಏಣುಗಳಲ್ಲಿ ಗ್ಲೇಜ್ ತೆಳುವಾಗಿ ತುಕ್ಕಿನ ಕೆಂಪು ಮೂಡುತ್ತದೆ. ಅಂಗಾಲಿಗೆ ಗ್ಲೇಜ್ ತಾಗದಂತೆ ಒರೆಸಿ. ಇಲ್ಲದಿದ್ದರೆ ಕಿಲ್ನಿನ ಹಲಗೆಗೆ ಅಂಟಿಕೊಳ್ಳುತ್ತಾನೆ, ಅಂಗದನ ಕಾಲು ಅಲ್ಲಾಡಿಸಲು ಹೋದ ರಾಕ್ಷಸರ ಪಾಡು ನಿಮ್ಮದಾಗುತ್ತದೆ.

ತೊಂದರೆ ಮತ್ತು ಪರಿಹಾರ

ಒಂದು ತಲೆ ಸಿಡಿದರೆ: ಅದು ಬೀಗರು ಕೇಳಿದ ತಲೆಯೋ ನೋಡಿ. ಹೌದಾದರೆ ಚೂರುಗಳನ್ನು ಎತ್ತಿಟ್ಟು ಅವರು ಬಂದಾಗ ತೋರಿಸಿ, ನಂಬುವುದಿಲ್ಲ.

ಒಂಬತ್ತು ಸಿಡಿದರೆ: ತಪಸ್ಸಿನಲ್ಲಿ ರಾವಣ ಒಂಬತ್ತು ತಲೆಗಳನ್ನು ಒಂದೊಂದಾಗಿ ಕಡಿದು ಬೆಂಕಿಗೆ ಹಾಕಿದ ಮೇಲೆ ಬ್ರಹ್ಮ ಪ್ರತ್ಯಕ್ಷನಾಗಿ ಎಲ್ಲವನ್ನೂ ಮರಳಿ ಕೊಟ್ಟ. ಸ್ವಲ್ಪ ಹೊತ್ತು ಕಾದು ನೋಡುವುದರಲ್ಲಿ ತಪ್ಪಿಲ್ಲ. ಕರೆಂಟ್ ಮಾತ್ರ ಆರಿಸಿ ಕಾಯಿರಿ.

ಇಡುವ ಜಾಗ: ದೇವರಕೋಣೆಗೆ ಒಯ್ಯಬೇಡಿ, ಅತ್ತೆ ಬಿಡುವುದಿಲ್ಲ. ಗೊಂಬೆ ಹಬ್ಬದಲ್ಲಿ ಪಟ್ಟದ ರಾಜ-ರಾಣಿಯರ ಕೆಳಗೆ, ಕ್ರಿಕೆಟ್ ತಂಡದ ಮಗ್ಗುಲಲ್ಲಿ ಕೂರಿಸಬಹುದು. ತಂಡದ ಹನ್ನೊಂದು ತಲೆಗೆ ಇವನ ಹತ್ತು. ಆ ಮೆಟ್ಟಿಲು ತುಂಬಿದಂತಾಗುತ್ತದೆ.

ಗ್ಯಾರಂಟಿ: ಈ ಸೆಟ್ಟಿನಲ್ಲಿ ಸೀತೆ ಇಲ್ಲ. ಒರೆಸುವಾಗ ಸೀನುವ ತಲೆಯ ಹೊಳ್ಳೆಯಿಂದ ಏನಾದರೂ ಉದುರಿದರೆ ಅದು ಒಳಗೆ ಉಳಿದಿದ್ದ ಮಣ್ಣಿನ ಚೂರು. ಅದನ್ನು ತಯಾರಿಕೆಯ ದೋಷವೆಂದು ದೂರು ಕೊಟ್ಟರೆ ಸ್ವೀಕರಿಸಲಾಗದು. ಜನಪದರ ಪ್ರಕಾರ ಆ ಮೂಗು ಸರಿಯಾಗಿಯೇ ಕೆಲಸ ಮಾಡುತ್ತಿದೆ.